ಯಾರೂ ಕಾಣದ ಒಳಿತು



ಪ್ರಶ್ನೆಯೊಂದನ್ನು ನೇರವಾಗಿ ತಮ್ಮ ಮುಂದಿಟ್ಟೇ ಆರಂಭಿಸುತ್ತೇನೆ. ಒಬ್ಬ ಮನುಷ್ಯ ಒಂದು ಒಳ್ಳೆಯ ಕಾರ್ಯವನ್ನು ಮಾಡಿದ. ಅದನ್ನು ಯಾರೂ ಕಾಣಲಿಲ್ಲ, ಕಂಡವರು ಮರೆತರು, ಅಥವಾ ಅದರ ಕೀರ್ತಿಯನ್ನು ಬೇರೊಬ್ಬನು ಹೊತ್ತುಕೊಂಡು ಹೋದ. ಇಷ್ಟರಿಂದ ಆ ಒಳಿತಿನ ಬೆಲೆ ಕಡಿಮೆಯಾಯಿತೇ? ಇಲ್ಲವೆಂದು ನಾವೆಲ್ಲರೂ ತಟ್ಟನೆ ಉತ್ತರಿಸಿಬಿಡುತ್ತೇವೆ. ಎಡಗೈಗೂ ತಿಳಿಯದಂತೆ ದಾನ ಮಾಡಬೇಕೆಂಬ ಬೋಧನೆಯನ್ನು ಧರ್ಮೋಪದೇಶದ ತರಗತಿಯಿಂದಲೇ ಕೇಳಿಕೊಂಡು ಬಂದವರು ನಾವು. ಆದರೆ ದೇವಾಲಯಕ್ಕೆ ಕೊಟ್ಟ ಬೆಂಚಿನ ಬೆನ್ನ ಮೇಲೆ ದಾನಿಯ ಹೆಸರನ್ನು ಬರೆಯಿಸುವವರೂ ನಾವೇ ಅಲ್ಲವೇ? ಬಾಯಿ ಕೊಡುವ ಉತ್ತರ ಒಂದು, ಬಣ್ಣದ ಕುಂಚ ಕೊಡುವ ಉತ್ತರ ಮತ್ತೊಂದು.

ಈ ಪ್ರಶ್ನೆಯನ್ನು ಧರ್ಮಶಾಸ್ತ್ರದ ಗ್ರಂಥಗಳ ಬದಲು ಚಲನಚಿತ್ರಗಳ ಮೂಲಕ ಎತ್ತಿಕೊಳ್ಳಲು ಕಾರಣವಿದೆ. ಸಿನಿಮಾ ಎಂಬುದು ಕಾಣಿಸುವ ಕಲೆ. ಕ್ಯಾಮೆರಾದ ಮುಂದೆ ಬಾರದ ಸಂಗತಿ ಅಲ್ಲಿ ಇಲ್ಲವೇ ಇಲ್ಲ. ಹೀಗಿರುವಾಗ, ಯಾರಿಗೂ ಕಾಣದಂತೆ ಮಾಡಿದ ಒಳಿತನ್ನು ಅದು ತೋರಿಸುವುದಾದರೂ ಹೇಗೆ? ತೋರಿಸಿದ ಗಳಿಗೆಯಲ್ಲೇ ಅದು ಗುಪ್ತವಾಗಿ ಉಳಿಯುವುದಿಲ್ಲವಲ್ಲ. ನನ್ನನ್ನು ಬಹುಕಾಲದಿಂದ ಕಾಡಿರುವ ಕೆಲವು ಹಳೆಯ ಹೊಸ ಚಿತ್ರಗಳು ಈ ಇಕ್ಕಟ್ಟಿನೊಳಗೇ ಸಿಕ್ಕಿಕೊಂಡಿವೆ. ಅವು ಅದರಿಂದ ಪಾರಾದ ಬಗೆ, ಅಥವಾ ಪಾರಾಗದೆ ಉಳಿದ ಬಗೆ, ನಮ್ಮ ಬದುಕಿಗೂ ಸಂಬಂಧಿಸಿದ್ದೆಂದು ನನಗೆ ತೋರುತ್ತದೆ.

ಸಿನಿಮಾ ಹುಟ್ಟಿ ನೂರು ವರ್ಷ ತುಂಬಿದ 1995ರಲ್ಲಿ ವ್ಯಾಟಿಕನ್ನಿನ ಸಾಮಾಜಿಕ ಸಂಪರ್ಕ ಮಾಧ್ಯಮಗಳ ಪರಿಷತ್ತು ಗಮನಾರ್ಹವಾದ 45 ಚಿತ್ರಗಳ ಪಟ್ಟಿಯೊಂದನ್ನು ಹೊರತಂದಿತು. ಧರ್ಮ, ಮೌಲ್ಯ, ಕಲೆ ಎಂಬ ಮೂರು ವಿಭಾಗಗಳಲ್ಲಿ ತಲಾ 15 ಚಿತ್ರಗಳು. ಮೌಲ್ಯಗಳ ವಿಭಾಗದಲ್ಲಿ 'ಗಾಂಧಿ' ಇದೆ, 'ಬೈಸಿಕಲ್ ಥೀವ್ಸ್' ಇದೆ, ಫ್ರಾಂಕ್ ಕಾಪ್ರಾ ಅವರ 'ಇಟ್ಸ್ ಎ ವಂಡರ್‌ಫುಲ್ ಲೈಫ್' ಕೂಡ ಇದೆ. 1946ರ ಈ ಕೊನೆಯ ಚಿತ್ರವನ್ನು ಕ್ರಿಸ್ಮಸ್ ಕಾಲದಲ್ಲಿ ತಮ್ಮಲ್ಲಿ ಹಲವರು ಮಕ್ಕಳೊಂದಿಗೆ ಕುಳಿತು ನೋಡಿರಬಹುದು. ಜಾರ್ಜ್ ಬೇಯ್ಲಿ ಎಂಬವನು ತನ್ನ ಕನಸುಗಳನ್ನೆಲ್ಲ ಬದಿಗಿಟ್ಟು, ಸಣ್ಣ ಊರೊಂದರ ಬಡವರಿಗೆ ಮನೆ ಕಟ್ಟಲು ಸಾಲ ಕೊಡುವ ಸಂಸ್ಥೆಯನ್ನು ನಡೆಸುತ್ತಾನೆ. ಚಿಕ್ಕಪ್ಪನ ಕೈತಪ್ಪಿನಿಂದ 8,000 ಡಾಲರ್ ಕಾಣೆಯಾಗುತ್ತದೆ. ಕ್ರಿಸ್ಮಸ್ ಹಿಂದಿನ ರಾತ್ರಿ ಜಾರ್ಜ್ ಸಾಯಲೆಂದು ಸೇತುವೆಯ ಮೇಲೆ ನಿಲ್ಲುತ್ತಾನೆ. ಆಗ ದೇವದೂತನೊಬ್ಬ ಬಂದು, ಅವನು ಹುಟ್ಟಿರದಿದ್ದರೆ ಆ ಊರು ಹೇಗಿರುತ್ತಿತ್ತೆಂಬುದನ್ನು ತೋರಿಸುತ್ತಾನೆ. ಕೊನೆಗೆ ಊರಿಗೆ ಊರೇ ಹಣ ಹಿಡಿದುಕೊಂಡು ಅವನ ಮನೆಗೆ ಬರುತ್ತದೆ.

ಈ ಚಿತ್ರವನ್ನು ನಾನು ಪ್ರೀತಿಸುತ್ತೇನೆ. ಕಳೆದುಹೋದ ಹಣವನ್ನು ಬಚ್ಚಿಟ್ಟುಕೊಂಡ ಶ್ರೀಮಂತ ಪಾಟರನಿಗೆ ಕಾಪ್ರಾ ಯಾವ ಶಿಕ್ಷೆಯನ್ನೂ ಕೊಡಿಸದೆ ಬಿಟ್ಟಿದ್ದಾರೆ ಎಂಬುದು ಅದರ ಪ್ರಾಮಾಣಿಕತೆಗೆ ಗುರುತು. ಆದರೂ ನಮ್ಮ ಪ್ರಶ್ನೆಗೆ ಅದು ಕೊಡುವ ಉತ್ತರ ಸುಲಭವಾದದ್ದು. ಜಾರ್ಜನ ಒಳಿತನ್ನು ಊರು ಕಂಡಿತು, ಅವನೂ ಕಂಡನು, ಲೆಕ್ಕ ಒಂದೇ ರಾತ್ರಿಯಲ್ಲಿ ಚುಕ್ತಾ ಆಯಿತು. ನಮ್ಮಲ್ಲಿ ಎಷ್ಟು ಮಂದಿಯ ಬಾಗಿಲಿಗೆ ಹಾಗೆ ಊರು ಬಂದೀತು?

ಕನ್ನಡಿಗರಿಗೆ ಇಲ್ಲಿ 1972ರ 'ಬಂಗಾರದ ಮನುಷ್ಯ' ನೆನಪಾಗದೆ ಇರದು. ವಿಧವೆಯಾದ ಅಕ್ಕನ ಸಂಸಾರಕ್ಕಾಗಿ ಬಂಜರು ನೆಲವನ್ನು ಹಸನು ಮಾಡಿದ ರಾಜೀವ, ತಾನೇ ಸಾಕಿ ಓದಿಸಿದವರಿಂದಲೇ ಅನುಮಾನಕ್ಕೆ ಗುರಿಯಾಗುತ್ತಾನೆ. ಅವನು ವಾದಿಸುವುದಿಲ್ಲ, ಮೌನವಾಗಿ ಮನೆ ಬಿಟ್ಟು ನಡೆದುಬಿಡುತ್ತಾನೆ. ಇದು ಕಾಪ್ರಾ ಚಿತ್ರಕ್ಕಿಂತ ಕಠಿಣವಾದ ಮುಕ್ತಾಯ. ಆದರೆ ಒಂದು ಮಾತನ್ನು ಗಮನಿಸಬೇಕು. ಮನೆಯವರು ಕೊಡದ ಮನ್ನಣೆಯನ್ನು ರಾಜೀವನಿಗೆ ಚಿತ್ರಮಂದಿರ ಕೊಟ್ಟಿತು. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷಕ್ಕೂ ಮಿಕ್ಕಿ ಓಡಿದ ಆ ಚಿತ್ರವನ್ನು ನೋಡಿದ ಪ್ರತಿಯೊಬ್ಬನೂ, ತಪ್ಪು ತಿಳಿದವರು ಅವರು, ನಿನ್ನನ್ನು ನಾವು ಬಲ್ಲೆವು ಎಂದು ಮನಸ್ಸಿನಲ್ಲೇ ಅವನಿಗೆ ಹೇಳಿದನು. ಅವನು ಒಂಟಿಯಾಗಿ ನಡೆದುಹೋದದ್ದು ಕಥೆಯಲ್ಲಿ ಮಾತ್ರ. ತೆರೆಯ ಈಚೆಗೆ ಸಾವಿರ ಸಾಕ್ಷಿಗಳಿದ್ದರು.

ಪ್ರೇಕ್ಷಕನ ಈ ಸ್ಥಾನ ವಿಚಿತ್ರವಾದದ್ದು. ಗುಪ್ತದಲ್ಲಿ ನಡೆದುದನ್ನು ನೋಡುವಾತನು ದೇವರು ಎಂದು ನಂಬುವವರು ನಾವು. ಕತ್ತಲೆಯ ಸಭಾಂಗಣದಲ್ಲಿ ಎರಡೂವರೆ ಗಂಟೆಯ ಮಟ್ಟಿಗೆ ಆ ನೋಟದ ಒಂದು ಚೂರು ನಮಗೂ ದೊರಕುತ್ತದೆ. ಆದರೆ ಆ ನೋಟಕ್ಕೆ ನಾವು ತೆರುವ ಬೆಲೆ ಟಿಕೆಟಿನ ಹಣ ಮಾತ್ರ. ಅತ್ತು, ಕಣ್ಣೊರೆಸಿಕೊಂಡು, ನಾವು ಒಳ್ಳೆಯವರೆಂಬ ನಂಬಿಕೆಯೊಂದಿಗೆ ಹೊರಗೆ ಬರುತ್ತೇವೆ. ಈ ಅಗ್ಗದ ಸಮಾಧಾನವನ್ನು ನಮ್ಮಿಂದ ಕಸಿದುಕೊಂಡ ಚಿತ್ರವೊಂದಿದ್ದರೆ ಅದು ಜಪಾನಿನ ಅಕಿರಾ ಕುರೊಸಾವಾ ಅವರ 'ಇಕಿರು'. ವ್ಯಾಟಿಕನ್ನಿನ ಪಟ್ಟಿಯಲ್ಲಿ ಅದು ಇಲ್ಲವೆಂಬುದು ನನಗೆ ಇಂದಿಗೂ ಸೋಜಿಗ.

'ಇಕಿರು' ಎಂದರೆ ಬದುಕುವುದು. 1952ರ ಚಿತ್ರ. ಅದು ಆರಂಭವಾಗುವುದು ಮುಖದಿಂದಲ್ಲ, ಹೊಟ್ಟೆಯ ಎಕ್ಸ್-ರೇ ಚಿತ್ರದಿಂದ. ಆ ಹೊಟ್ಟೆ ವಾತಾನಾಬೆ ಎಂಬ ಮುದಿ ಅಧಿಕಾರಿಯದು. ಅದರಲ್ಲಿ ಕ್ಯಾನ್ಸರ್ ಇದೆ. ಮೂವತ್ತು ವರ್ಷ ನಗರಸಭೆಯಲ್ಲಿ ಕಾಗದಗಳಿಗೆ ಮುದ್ರೆ ಒತ್ತಿದ್ದೇ ಅವನ ಜೀವಮಾನದ ಕೆಲಸ. ಕೊಳಚೆ ಗುಂಡಿಯೊಂದನ್ನು ಮುಚ್ಚಿಸಿ ಮಕ್ಕಳಿಗೆ ಆಟದ ಬಯಲು ಮಾಡಿಕೊಡಿ ಎಂದು ಕೇಳಲು ಬಂದ ಬಡ ತಾಯಂದಿರನ್ನು ಅವನ ಕಚೇರಿ ಮತ್ತೊಂದು ವಿಭಾಗಕ್ಕೆ ಕಳುಹಿಸುತ್ತದೆ. ಆ ವಿಭಾಗ ಇನ್ನೊಂದಕ್ಕೆ. ಸುತ್ತಿ ಸುತ್ತಿ ಅವರು ಮೊದಲು ನಿಂತಿದ್ದ ಕಿಟಕಿಗೇ ಬಂದು ನಿಲ್ಲುತ್ತಾರೆ. ಸರ್ಕಾರಿ ಕಚೇರಿಯ ಮೆಟ್ಟಿಲು ಹತ್ತಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ತನಗೆ ಹೆಚ್ಚು ಕಾಲವಿಲ್ಲವೆಂದು ತಿಳಿದ ವಾತಾನಾಬೆ ಮೊದಲು ಮಗನ ಪ್ರೀತಿಯನ್ನು ಹುಡುಕುತ್ತಾನೆ, ಸಿಗುವುದಿಲ್ಲ. ಕುಡಿತ, ಕುಣಿತಗಳಲ್ಲಿ ಮರೆಯಲೆತ್ನಿಸುತ್ತಾನೆ, ಆಗುವುದಿಲ್ಲ. ಕೆಲಸ ಬಿಟ್ಟು ಮಕ್ಕಳ ಆಟಿಕೆಗಳನ್ನು ತಯಾರಿಸುವಲ್ಲಿ ಸೇರಿಕೊಂಡ ಯುವತಿಯೊಬ್ಬಳ ಮಾತಿನಿಂದ ಅವನಿಗೆ ಥಟ್ಟನೆ ಹೊಳೆಯುತ್ತದೆ: ತಾನೂ ಏನನ್ನಾದರೂ ಮಾಡಬಲ್ಲೆ. ಉಪಾಹಾರ ಗೃಹದ ಮೆಟ್ಟಿಲನ್ನು ಅವನು ಓಡೋಡಿ ಇಳಿಯುವಾಗ, ಎದುರಿಗೆ ಹತ್ತಿ ಬರುವ ಗೆಳತಿಗಾಗಿ ಹುಡುಗಿಯರ ಗುಂಪೊಂದು ಹುಟ್ಟುಹಬ್ಬದ ಹಾಡನ್ನು ಹಾಡುತ್ತದೆ. ಹಾಡು ಅವನಿಗಲ್ಲ. ಆದರೂ ಅವನಿಗೇ.

ಅಲ್ಲಿಗೆ ಕುರೊಸಾವಾ ಚಿತ್ರವನ್ನು ಕತ್ತರಿಸುತ್ತಾರೆ. ಐದು ತಿಂಗಳ ನಂತರ ನಮ್ಮ ನಾಯಕ ತೀರಿಕೊಂಡನು ಎಂದು ನಿರೂಪಕನ ಧ್ವನಿ ಹೇಳಿಬಿಡುತ್ತದೆ. ನಾವು ನೋಡಲು ಕಾತರಿಸಿದ್ದ ಹೋರಾಟವೇ ಇಲ್ಲ! ಉಳಿದ ಮೂರನೇ ಒಂದು ಭಾಗ ಸಾವಿನ ಮನೆಯಲ್ಲಿ ನಡೆಯುತ್ತದೆ. ಆಟದ ಬಯಲು ಸಿದ್ಧವಾಗಿದೆ. ಉಪಮೇಯರ್ ಅದರ ಕೀರ್ತಿಯನ್ನು ಹಂಚುತ್ತಾನೆ, ಸತ್ತವನಿಗೆ ಅದರಲ್ಲಿ ಪಾಲಿಲ್ಲ. ಅಷ್ಟರಲ್ಲಿ ಆ ಬಡ ತಾಯಂದಿರು ಒಳಗೆ ಬಂದು, ಧೂಪ ಅರ್ಪಿಸಿ, ಬಿಕ್ಕಿ ಬಿಕ್ಕಿ ಅಳುತ್ತಾರೆ. ಒಂದು ಮಾತನ್ನೂ ಆಡದೆ ಹೋಗುತ್ತಾರೆ. ಉಪಮೇಯರ್ ತಲೆ ತಗ್ಗಿಸುತ್ತಾನೆ. ಅನಂತರ ಕುಡಿಯುತ್ತ ಕುಳಿತ ಸಹೋದ್ಯೋಗಿಗಳು ಒಬ್ಬೊಬ್ಬರಾಗಿ ತಾವು ಕಂಡದ್ದನ್ನು ನೆನಪಿಸಿಕೊಳ್ಳುತ್ತಾರೆ. ಬಾಗಿಲು ಬಾಗಿಲಿಗೆ ಹೋಗಿ ತಲೆಬಾಗಿ ನಿಂತ ಮುದುಕ. ಅವಮಾನಿಸಿದವರ ಮೇಲೆ ಕೋಪಿಸಿಕೊಳ್ಳಲು ತನಗೆ ಸಮಯವಿಲ್ಲ ಎಂದ ಮುದುಕ. ರೌಡಿಗಳು ಬೆದರಿಸಿದರೂ ಹಿಂಜರಿಯದ ಮುದುಕ. ಕೊನೆಗೆ ಪೊಲೀಸನೊಬ್ಬ ಟೋಪಿಯೊಂದನ್ನು ಹಿಡಿದು ಬರುತ್ತಾನೆ. ಹಿಮ ಬೀಳುತ್ತಿದ್ದ ರಾತ್ರಿ ಆತ ಅದೇ ಬಯಲಿನ ಉಯ್ಯಾಲೆಯ ಮೇಲೆ ಕುಳಿತು ಹಾಡಿಕೊಳ್ಳುತ್ತಿದ್ದುದನ್ನು ನೋಡಿ, ಕುಡಿದಿರಬೇಕೆಂದು ಸುಮ್ಮನೆ ಹೋದೆನಲ್ಲ ಎಂದು ಮರುಗುತ್ತಾನೆ.

ನನ್ನ ದೃಷ್ಟಿಯಲ್ಲಿ ಚಲನಚಿತ್ರ ಕಲೆಯ ಅತ್ಯಂತ ಸಂಯಮದ ನಿರ್ಧಾರಗಳಲ್ಲಿ ಇದು ಒಂದು. ಒಳಿತಿನ ಕಾರ್ಯವನ್ನು ನಾವು ನೇರವಾಗಿ ಕಾಣುವುದಿಲ್ಲ. ಕಂಡವರ ಬಾಯಿಂದ ಕೇಳುತ್ತೇವೆ, ಅದೂ ಅರೆಬರೆ. ದೇವರ ಸ್ಥಾನದಿಂದ ನಮ್ಮನ್ನು ಕೆಳಗಿಳಿಸಿ, ನೆರೆಯವರ ಸ್ಥಾನದಲ್ಲಿ ಕೂರಿಸುತ್ತಾರೆ ಕುರೊಸಾವಾ. ನೆರೆಯವರಾದ ನಾವು ಏನು ಮಾಡುತ್ತೇವೆ? ಕುಡಿದ ಅಮಲಿನಲ್ಲಿ ಆ ಗುಮಾಸ್ತರೆಲ್ಲ ನಾವೂ ಅವನಂತೆ ಬದುಕೋಣ ಎಂದು ಪ್ರತಿಜ್ಞೆ ಮಾಡುತ್ತಾರೆ. ಮರುದಿನ ಕಚೇರಿಯಲ್ಲಿ ಮತ್ತೊಂದು ಅಹವಾಲು ಬಂದಾಗ ಅದನ್ನು ಇನ್ನೊಂದು ವಿಭಾಗಕ್ಕೆ ಕಳುಹಿಸುತ್ತಾರೆ. ಒಬ್ಬನೇ ಒಬ್ಬನು ಪ್ರತಿಭಟಿಸಲು ಎದ್ದು ನಿಲ್ಲುತ್ತಾನೆ, ಮತ್ತೆ ಕುಳಿತು ಕಾಗದದ ರಾಶಿಯ ಹಿಂದೆ ಮರೆಯಾಗುತ್ತಾನೆ. ತಪಸ್ಸುಕಾಲದ ಧ್ಯಾನಕೂಟ ಮುಗಿದ ಮರುವಾರ ನಮ್ಮ ಮನೆಗಳಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ.

ಈ ಕಥೆ 2022ರಲ್ಲಿ 'ಲಿವಿಂಗ್' ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ಬಂತು. ನೊಬೆಲ್ ಪುರಸ್ಕೃತ ಕಾದಂಬರಿಕಾರ ಕಾಜುವೊ ಇಶಿಗುರೊ ಚಿತ್ರಕಥೆ ಬರೆದರು. ಒಲಿವರ್ ಹರ್ಮಾನಸ್ ನಿರ್ದೇಶಿಸಿದರು. 1950ರ ದಶಕದ ಲಂಡನ್ನಿನ ಅಧಿಕಾರಿಯಾಗಿ ಬಿಲ್ ನೈಯಿ ಬಹಳ ಮಿತವಾಗಿ, ಬಹಳ ಚೆನ್ನಾಗಿ ಅಭಿನಯಿಸಿದರು. ಮರುಸೃಷ್ಟಿಗಳನ್ನು ಮೂಗು ಮುರಿದು ನೋಡುವುದು ಸಿನಿಮಾಪ್ರಿಯರ ಚಾಳಿ. ಈ ಚಿತ್ರ ಅದಕ್ಕೆ ಅರ್ಹವಲ್ಲ. ಆದರೆ ಒಂದು ವ್ಯತ್ಯಾಸವಿದೆ. ಇಲ್ಲಿ ಸಾಯುವ ಅಧಿಕಾರಿ ತನ್ನ ಕಚೇರಿಯ ಯುವಕನಿಗೊಂದು ಪತ್ರ ಬರೆದಿಟ್ಟಿರುತ್ತಾನೆ. ನಾವು ಕಟ್ಟಿದ ಬಯಲು ಶಾಶ್ವತವಾಗಿ ಉಳಿಯಲಿಕ್ಕಿಲ್ಲ, ಆದರೂ ಕೆಲಸ ಬೇಸರವಾದಾಗ ಅದನ್ನು ನೆನೆದುಕೋ ಎಂಬ ಆಶಯದ ಪತ್ರ. ಅದು ವಿನಯದ ಪತ್ರವೇ ಸರಿ. ಆದರೂ, ಅದನ್ನು ಓದಿದ ಗಳಿಗೆಯಲ್ಲಿ ನಮಗೊಂದು ನೆಮ್ಮದಿ ದೊರೆಯುತ್ತದೆ: ಅರ್ಥಮಾಡಿಕೊಂಡವನೊಬ್ಬ ಇದ್ದಾನೆ. ವಾತಾನಾಬೆ ಅಂಥ ಪತ್ರ ಬರೆಯಲಿಲ್ಲ. 70 ವರ್ಷಗಳ ಅಂತರದಲ್ಲಿ ನಾವು ಮೌನವನ್ನು ಸಹಿಸುವ ಶಕ್ತಿಯನ್ನು ಸ್ವಲ್ಪ ಕಳೆದುಕೊಂಡಿದ್ದೇವೆಯೇ?

ಮಾರ್ಟಿನ್ ಸ್ಕಾರ್ಸೆಸೆ ಅವರ 'ಸೈಲೆನ್ಸ್' ನೋಡಿದಾಗಲೂ ಇದೇ ಅನುಮಾನ ನನಗೆ ಬಂತು. ಶೂಸಾಕು ಎಂಡೊ ಅವರ 1966ರ ಕಾದಂಬರಿಯನ್ನು ಆಧರಿಸಿದ 2016ರ ಈ ಚಿತ್ರದಲ್ಲಿ, ಹಿಂಸೆಗೊಳಗಾದ ಜನರನ್ನು ಉಳಿಸಲು ಹೊರನೋಟಕ್ಕೆ ವಿಶ್ವಾಸ ತ್ಯಜಿಸಿದ ಯಾಜಕನೊಬ್ಬ ಜಪಾನಿನಲ್ಲೇ ಮುಪ್ಪಾಗಿ ಸಾಯುತ್ತಾನೆ. ಅವನ ಅಂತರಂಗದಲ್ಲಿ ಏನಿತ್ತೆಂಬುದು ದೇವರಿಗೆ ಮಾತ್ರ ಗೊತ್ತು. ಕಾದಂಬರಿ ಅದನ್ನು ಹಾಗೆಯೇ ಬಿಡುತ್ತದೆ. ಕ್ಯಾಮೆರಾ ಬಿಡಲಿಲ್ಲ, ಅದು ಶವಪೆಟ್ಟಿಗೆಯ ಒಳಗೆ ಹೊಕ್ಕು, ಅವನ ಅಂಗೈಯಲ್ಲಿದ್ದ ಪುಟ್ಟ ಮರದ ಶಿಲುಬೆಯನ್ನು ನಮಗೆ ತೋರಿಸಿತು. ಆ ದೃಶ್ಯಕ್ಕೆ ಕಣ್ಣು ತುಂಬಿ ಬಂದದ್ದು ನಿಜ. ಆದರೆ ಅಷ್ಟು ಖಚಿತವಾಗಿ ತಿಳಿಯುವ ಹಕ್ಕು ನಮಗಿತ್ತೇ?

ಇಷ್ಟು ಹೊತ್ತು ಗುಪ್ತವಾದ ಒಳಿತನ್ನು ಹೊಗಳಿದೆ. ಈಗ ಅದಕ್ಕೆ ವಿರುದ್ಧವಾದ ಮಾತನ್ನೂ ಹೇಳಬೇಕು. ಗುಪ್ತ ಸೇವೆಯನ್ನು ಅತಿ ಹೆಚ್ಚು ಹೊಗಳುವವರು ಸಾಮಾನ್ಯವಾಗಿ ಅದರ ಲಾಭ ಪಡೆಯುವವರೇ. ಹಾಸಿಗೆ ಹಿಡಿದ ಅತ್ತೆಯನ್ನು ಹತ್ತು ವರ್ಷ ಶುಚಿ ಮಾಡಿದ ಸೊಸೆಗೆ, ದೇವರು ನೋಡುತ್ತಾನಮ್ಮ ಎಂದು ಹೇಳುವ ಗಂಡಸರು ಒಂದು ರಾತ್ರಿಯೂ ಎದ್ದು ನೀರು ಕೊಟ್ಟಿರುವುದಿಲ್ಲ. ವಿಮ್ ವೆಂಡರ್ಸ್ ಅವರ 2023ರ 'ಪರ್ಫೆಕ್ಟ್ ಡೇಸ್' ನನಗೆ ಪೂರ್ತಿ ಒಗ್ಗದಿರುವುದೂ ಇದೇ ಕಾರಣಕ್ಕೆ. ಟೋಕಿಯೊ ನಗರದ ಸಾರ್ವಜನಿಕ ಶೌಚಾಲಯಗಳನ್ನು ಶ್ರದ್ಧೆಯಿಂದ ತೊಳೆಯುವ ಹಿರಾಯಾಮಾನ ದಿನಚರಿ ಪ್ರಾರ್ಥನೆಯಷ್ಟು ಸುಂದರವಾಗಿದೆ. ಆ ಪಾತ್ರಕ್ಕಾಗಿ ಕೋಜಿ ಯಾಕುಶೊ ಕಾನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಪಡೆದದ್ದು ನ್ಯಾಯವೇ. ಆದರೆ ಅವನ ತಂಗಿ ಚಾಲಕನಿರುವ ದುಬಾರಿ ಕಾರಿನಲ್ಲಿ ಬಂದಿಳಿದಾಗ ತಿಳಿಯುತ್ತದೆ, ಈ ಬದುಕು ಅವನು ಆರಿಸಿಕೊಂಡದ್ದು. ಆ ಶೌಚಾಲಯಗಳೂ ಹೆಸರಾಂತ ವಾಸ್ತುಶಿಲ್ಪಿಗಳು ರೂಪಿಸಿದ ಕಲಾಕೃತಿಗಳು. ನಮ್ಮ ನಾಡಿನಲ್ಲಿ ಆ ಕೆಲಸವನ್ನು ಜಾತಿಯ ಹೆಸರಿನಲ್ಲಿ ಯಾರ ತಲೆಗೆ ಕಟ್ಟಿದ್ದೇವೆಂದು ಬಲ್ಲ ನಮಗೆ ಆ ಸೌಂದರ್ಯ ಗಂಟಲಲ್ಲಿ ಇಳಿಯದು. ಆರಿಸಿಕೊಂಡ ಮೌನ ಬೇರೆ, ಹೇರಲ್ಪಟ್ಟ ಮೌನ ಬೇರೆ.

ಈ ವ್ಯತ್ಯಾಸವನ್ನು ಅತ್ಯಂತ ನೋವಿನಿಂದ ಎದುರಿಸಿರುವ ಚಿತ್ರ, ಟೆರೆನ್ಸ್ ಮಾಲಿಕ್ ಅವರ 2019ರ 'ಎ ಹಿಡನ್ ಲೈಫ್'. ಜಾರ್ಜ್ ಎಲಿಯಟ್ ಅವರ 'ಮಿಡ್ಲ್‌ಮಾರ್ಚ್' ಕಾದಂಬರಿಯ ಕೊನೆಯ ವಾಕ್ಯದಿಂದ ಅದರ ಹೆಸರು ಬಂದಿದೆ. ಕಥೆ ಮಾತ್ರ ಕಲ್ಪಿತವಲ್ಲ. ಫ್ರಾಂಜ್ ಯೇಗರ್‌ಸ್ಟೆಟರ್ ಎಂಬಾತ ಆಸ್ಟ್ರಿಯಾದ ಸೇಂಟ್ ರಾಡೆಗುಂಡ್ ಎಂಬ ಹಳ್ಳಿಯ ರೈತ; ಅಲ್ಲಿನ ದೇವಾಲಯದ ಪರಿಚಾರಕ. 1938ರಲ್ಲಿ ಆಸ್ಟ್ರಿಯಾವನ್ನು ಹಿಟ್ಲರನ ಜರ್ಮನಿಗೆ ಸೇರಿಸುವ ಪ್ರಶ್ನೆ ಮತಕ್ಕೆ ಬಂದಾಗ ಇಡೀ ಹಳ್ಳಿಯಲ್ಲಿ ವಿರೋಧವಾಗಿ ಮತ ಹಾಕಿದವನು ಅವನೊಬ್ಬನೇ. 1943ರಲ್ಲಿ ಸೈನ್ಯಕ್ಕೆ ಕರೆ ಬಂದಾಗ ಅನ್ಯಾಯದ ಯುದ್ಧದಲ್ಲಿ ಆಯುಧ ಹಿಡಿಯಲಾರೆನೆಂದು ನಿರಾಕರಿಸಿದ. ಅದೇ ವರ್ಷದ ಆಗಸ್ಟ್ 9ರಂದು ಬ್ರಾಂಡೆನ್‌ಬುರ್ಗ್ ಸೆರೆಮನೆಯಲ್ಲಿ ಅವನ ಶಿರಚ್ಛೇದವಾಯಿತು. ಆಗ ಅವನಿಗೆ 36 ವರ್ಷ. ಮನೆಯಲ್ಲಿ ಪತ್ನಿ ಫ್ರಾನ್ಸಿಸ್ಕಾ, ಮೂವರು ಪುಟ್ಟ ಹೆಣ್ಣುಮಕ್ಕಳು.

ಚಿತ್ರದಲ್ಲಿ ಅವನ ಎದುರು ಬಂದವರೆಲ್ಲ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ದನಿಗಳಲ್ಲಿ ಕೇಳುತ್ತಾರೆ. ನಿನ್ನ ಈ ಹಟದಿಂದ ಯುದ್ಧ ನಿಲ್ಲುತ್ತದೆಯೇ? ಈ ನಾಲ್ಕು ಗೋಡೆಗಳ ಆಚೆ ಇದು ಯಾರಿಗೆ ತಿಳಿಯುತ್ತದೆ? ಕೇಳುವವರು ದುಷ್ಟರು ಮಾತ್ರವಲ್ಲ. ಊರಿನ ಗುರುಗಳು ಕೇಳುತ್ತಾರೆ, ಅವನ ಪರ ವಕೀಲ ಕೇಳುತ್ತಾನೆ. ಲಿಂಟ್ಸ್ ಧರ್ಮಕ್ಷೇತ್ರದ ಧರ್ಮಾಧ್ಯಕ್ಷರು ನಿಜ ಜೀವನದಲ್ಲೂ ಅವನಿಗೆ ಕುಟುಂಬದ ಹೊಣೆಯನ್ನು ನೆನಪಿಸಿದ್ದರು. ಆ ಸಲಹೆಯನ್ನು ಹಗುರವಾಗಿ ತಳ್ಳಿಹಾಕುವುದು ನಮಗೆ ಶೋಭಿಸದು. ಮೂವರು ಮಕ್ಕಳ ತಂದೆಯೊಬ್ಬ ಅದೇ ಪ್ರಶ್ನೆ ಹೊತ್ತು ನಮ್ಮ ಬಳಿಗೆ ಬಂದಿದ್ದರೆ, ನಮ್ಮಲ್ಲಿ ಎಷ್ಟು ಮಂದಿ ಬೇರೆ ಮಾತು ಹೇಳುತ್ತಿದ್ದೆವು?

ಇದು ಸುಮಾರು ಮೂರು ಗಂಟೆಯ, ನಿಧಾನದ ಚಿತ್ರ. ಮಾಲಿಕ್ ಅವರ ಬೆಟ್ಟ, ಮೋಡ, ಹುಲ್ಲುಗಾವಲುಗಳು ಕೆಲವೊಮ್ಮೆ ಅತಿಯಾದವೆಂದೂ ಅನಿಸುತ್ತದೆ. ಸಂಕಟಕ್ಕೆ ಅಷ್ಟು ಸುಗಂಧ ಬೇಕಿರಲಿಲ್ಲ. ಆದರೆ ಅವರು ಒಂದು ದೊಡ್ಡ ನ್ಯಾಯ ಮಾಡಿದ್ದಾರೆ. ಕಥೆ ಸೆರೆಮನೆಯಲ್ಲೇ ನಿಲ್ಲದೆ ಮತ್ತೆ ಮತ್ತೆ ಹಳ್ಳಿಗೆ ಮರಳುತ್ತದೆ. ಅಲ್ಲಿ ಫ್ಯಾನಿ, ಎಂದರೆ ಫ್ರಾನ್ಸಿಸ್ಕಾ, ತನ್ನ ಅಕ್ಕನೊಂದಿಗೆ ಗಂಡಸಿಲ್ಲದ ಹೊಲದಲ್ಲಿ ದುಡಿಯುತ್ತಿದ್ದಾಳೆ. ನೆರೆಯವರು ಮುಖ ತಿರುಗಿಸುತ್ತಾರೆ, ಮಕ್ಕಳನ್ನು ಹೀಯಾಳಿಸುತ್ತಾರೆ. ಮನೆಯೊಳಗೂ ಕಹಿ ಮಾತು ಕೇಳಬೇಕು. ಫ್ರಾಂಜನಿಗೆ ಅವನ ಮನಸ್ಸಾಕ್ಷಿ ಸ್ಪಷ್ಟವಾಗಿ ಮಾತಾಡಿತ್ತು. ಅವಳಿಗೆ? ಅವಳು ಆರಿಸಿಕೊಂಡದ್ದೇ ಅಥವಾ ಹೇರಿಸಿಕೊಂಡದ್ದೇ? ಚಿತ್ರದ ಕೊನೆಯ ಭಾಗದಲ್ಲಿ ಬರ್ಲಿನ್ನಿಗೆ ಹೋಗಿ ಪತಿಯನ್ನು ಕಂಡಾಗ, ಸಹಿ ಹಾಕಿ ಬದುಕಿಕೋ ಎಂದು ಸುತ್ತಲಿನವರೆಲ್ಲ ಒತ್ತಾಯಿಸುತ್ತಿರುವಾಗ, ಅವಳು ಅವನ ಪಕ್ಷದಲ್ಲಿ ನಿಲ್ಲುತ್ತಾಳೆ. ಆ ಗಳಿಗೆಯಲ್ಲಿ ಹೇರಲ್ಪಟ್ಟದ್ದು ಆರಿಸಿಕೊಂಡದ್ದಾಗಿ ಮಾರ್ಪಡುತ್ತದೆ. ಚಿತ್ರದ ಹೆಸರು ಗಂಡನಿಗಿಂತ ಹೆಂಡತಿಗೇ ಹೆಚ್ಚು ಸಲ್ಲುತ್ತದೆಂದು ನನ್ನ ಅಭಿಪ್ರಾಯ.

ಯುದ್ಧ ಮುಗಿದ ಮೇಲೂ ಊರು ಬೇಗ ಬದಲಾಗಲಿಲ್ಲ. 1950ರವರೆಗೆ ಫ್ರಾನ್ಸಿಸ್ಕಾ ಅವರಿಗೆ ಯುದ್ಧ ಸಂತ್ರಸ್ತರ ವಿಧವಾ ವೇತನವೂ ದೊರೆಯಲಿಲ್ಲ. ಗೋರ್ಡನ್ ಜಾನ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು ಆ ಹಳ್ಳಿಗೆ ಹೋಗಿ ಜನರನ್ನು ಮಾತನಾಡಿಸಿ 1964ರಲ್ಲಿ ಪುಸ್ತಕವೊಂದನ್ನು ಪ್ರಕಟಿಸಿದ ಮೇಲೆಯೇ ಹೊರಜಗತ್ತಿಗೆ ಫ್ರಾಂಜನ ಪರಿಚಯವಾದದ್ದು. ಮುಂದಿನ ವರ್ಷ ಎರಡನೆಯ ವ್ಯಾಟಿಕನ್ ಮಹಾಸಭೆಯ ಮುಂದೆ ಈ ರೈತನ ಉದಾಹರಣೆಯನ್ನು ಇಟ್ಟವರು ನಮ್ಮ ಮುಂಬಯಿಯ ಹಿಂದಿನ ಮಹಾಧರ್ಮಾಧ್ಯಕ್ಷರಾದ ಥಾಮಸ್ ರಾಬರ್ಟ್ಸ್ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿಯದ ಸಂಗತಿ. 2007ರ ಅಕ್ಟೋಬರ್ 26ರಂದು ಲಿಂಟ್ಸ್ ಪ್ರಧಾನಾಲಯದಲ್ಲಿ ಫ್ರಾಂಜನನ್ನು ಪುನೀತ ಪದವಿಗೆ ಏರಿಸಲಾಯಿತು. ಅಲ್ಲಿಗೆ, ಜಾರ್ಜ್ ಬೇಯ್ಲಿಯ ಮನೆಗೆ ಊರು ಬಂದಂತೆ, ಇಲ್ಲಿಯೂ ಲೆಕ್ಕ ಚುಕ್ತಾ ಆಯಿತೆಂದು ಯಾರಾದರೂ ಹೇಳಬಹುದು. ಆ ಮಾತನ್ನು ನಾನು ಒಪ್ಪಲಾರೆ. ಶಿರಚ್ಛೇದದ ಬೆಳಿಗ್ಗೆ ಅವನಿಗೆ ಇದಾವುದೂ ಗೊತ್ತಿರಲಿಲ್ಲ. ಯಾರಿಗೂ ತಿಳಿಯದೆ ಹೋದರೂ ಸರಿಯೇ ಎಂದುಕೊಂಡೇ ಅವನು ನಡೆದದ್ದು. ಜಾನ್ ಅವರು ಆ ಹಳ್ಳಿಗೆ ಹೋಗದೆ ಇದ್ದಿದ್ದರೂ ಅವನು ಮಾಡಿದ್ದರಲ್ಲಿ ಒಂದು ಎಳೆಯೂ ಬೇರೆಯಾಗುತ್ತಿರಲಿಲ್ಲ. ಅಂಥವರು ಎಷ್ಟು ಮಂದಿ ಇದ್ದರೋ, ಯಾವ ಸಮಾಜಶಾಸ್ತ್ರಜ್ಞನೂ ಯಾವ ಕ್ಯಾಮೆರಾವೂ ತಲುಪದ ಹಳ್ಳಿಗಳಲ್ಲಿ.

ಮಾಲಿಕ್ ಆ ಸಮಾರಂಭವನ್ನು ತಮ್ಮ ಚಿತ್ರದಲ್ಲಿ ತೋರಿಸಲಿಲ್ಲ. ಕಥೆಯನ್ನು ಸಾವಿನ ಹತ್ತಿರದಲ್ಲೇ, ಹೊಲ ಮತ್ತು ಮಕ್ಕಳ ನಡುವೆ ನಿಂತ ಫ್ಯಾನಿಯ ಬಳಿ ನಿಲ್ಲಿಸಿದರು. ಲಿಂಟ್ಸ್‌ನ ಆ ಪೂಜೆಯಲ್ಲಿ 94 ವರ್ಷದ ಫ್ರಾನ್ಸಿಸ್ಕಾ ತಮ್ಮ ಹೆಣ್ಣುಮಕ್ಕಳೊಂದಿಗೆ ಕುಳಿತಿದ್ದರು. 2013ರ ಮಾರ್ಚ್‌ನಲ್ಲಿ, ನೂರು ವರ್ಷ ತುಂಬಿದ ಕೆಲವೇ ದಿನಗಳಲ್ಲಿ, ಅವರು ತೀರಿಕೊಂಡರು. ಪತಿಯ ಮರಣದಿಂದ ಅಲ್ಲಿಯವರೆಗೆ 69 ವರ್ಷ 7 ತಿಂಗಳು. ಅಷ್ಟೂ ಕಾಲ ಹಸುಗಳಿಗೆ ಮೇವು ಹಾಕಬೇಕಿತ್ತು, ಮಕ್ಕಳನ್ನು ಬೆಳೆಸಬೇಕಿತ್ತು, ಭಾನುವಾರ ಅದೇ ಊರಿನ ಅದೇ ಜನರ ಪಕ್ಕದ ಬೆಂಚಿನಲ್ಲಿ ಕೂರಬೇಕಿತ್ತು. ಆ ವರ್ಷಗಳನ್ನು ಚಿತ್ರ ಮುಟ್ಟುವುದಿಲ್ಲ.